ಸುಣ್ಣ, ಡಿಸ್ಟೆಂಪರ್, ಎಮಲ್ಷನ್, ವಾಲ್‌ಪೇಪರ್: ಡೊಂಬಿವಲಿಯ ಒಂದು ಮನೆಯಲ್ಲಿ ಎಲ್ಲವೂ

ನಮ್ಮ ಮನೆಯಲ್ಲಿರುವುದು ನಾಲ್ಕು ಜನ. ಗೋಡೆಯ ವಿಷಯಕ್ಕೆ ಬಂದರೆ ಅಭಿಪ್ರಾಯ ಐದು. ಅತ್ತೆಗೆ ಸುಣ್ಣದ ಬಿಳುಪಿನ ಮುಂದೆ ಉಳಿದದ್ದೆಲ್ಲ ಸಪ್ಪೆ. ಮಗಳಿಗೆ ಮೊಬೈಲಿನಲ್ಲಿ ಕಂಡ, ಬಾಳೆಲೆಗಳ ಚಿತ್ರವಿರುವ ವಾಲ್‌ಪೇಪರ್ ಬೇಕು. ನನಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಹೋಗುವಂಥದ್ದು ಯಾವುದಾದರೂ ಆದೀತು. ಉಳಿದ ಎರಡು ಅಭಿಪ್ರಾಯಗಳೂ ಇವರವೇ: ಬೆಳಿಗ್ಗೆ ಒಂದು, ಕಚೇರಿಯಿಂದ ಬಂದ ಮೇಲೆ ಇನ್ನೊಂದು. ಯಾವುದನ್ನೂ ಬೇಡವೆನ್ನದೆ, ಯಾವುದಕ್ಕೂ ಹೂಂ ಎನ್ನದೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಯಾರೂ ಸೋಲಲು ಒಪ್ಪದ್ದರಿಂದ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ 1980ರ ದಶಕದ ಕೊನೆಯಲ್ಲಿ ಮಾವ ಕೊಂಡ ಈ ಫ್ಲ್ಯಾಟಿನಲ್ಲಿ ಒಬ್ಬೊಬ್ಬರ ಆಯ್ಕೆಯನ್ನೂ ಒಂದೊಂದು ಗೋಡೆಗೆ ಹಚ್ಚಿ, ಒಂದು ಮಳೆಗಾಲ ಕಳೆಯಲಿ ಎಂದು ಬಿಟ್ಟೆವು. ಬಂದ ನೆಂಟರು ಕೆಲಸ ಅರ್ಧಕ್ಕೆ ನಿಂತಿದೆಯೇ ಎಂದು ಕೇಳುತ್ತಿದ್ದರು. ನಿಂತಿರಲಿಲ್ಲ, ಗೋಡೆಗಳಿಗೆ ಪರೀಕ್ಷೆ ನಡೆಯುತ್ತಿತ್ತು.

ಬಣ್ಣದ ಅಂಗಡಿಗೆ ಹೋದರೆ ಮೊದಲು ಕೈಗೆ ಕೊಡುವುದು ಶೇಡ್ ಕಾರ್ಡ್. ಮುಂಬಯಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಅದನ್ನು ಕೊನೆಗೆ ನೋಡಬೇಕು. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಯ ಸರಾಸರಿಯೇ 2,200 ಮಿಲಿಮೀಟರ್ ದಾಟುತ್ತದೆ. ಆ ಮಳೆ ನೆಟ್ಟಗೆ ಬೀಳುವುದಿಲ್ಲ. ನೈಋತ್ಯದ ಗಾಳಿಯ ಜೊತೆ ಬಂದು ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಅಪ್ಪಳಿಸುತ್ತದೆ. ಹೊರಗಿನ ಪ್ಲಾಸ್ಟರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ನೀರು ಒಳಬರುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಗೋಡೆ ಎತ್ತ ಮುಖ ಮಾಡಿದೆ, ಅದರೊಳಗೆ ಪಸೆ ಇದೆಯೇ ಎಂಬುದು. ಇದಕ್ಕೆ ಯಂತ್ರವೇನೂ ಬೇಡ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದು ಚೌಕವನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಬೇಕು. ಬಿಚ್ಚಿದಾಗ ಗೋಡೆಯ ಕಡೆಯ ಮೈ ಬೆವತಿದ್ದರೆ ನೀರು ಒಳಗಿನಿಂದ ಬರುತ್ತಿದೆ ಎಂದರ್ಥ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಬರಿಯ ಗಾಳಿಯ ತೇವ, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಆಯಿತು. ನಮ್ಮ ಹಾಲಿನ ಪಡುವಣ ಗೋಡೆಯದು ಮೊದಲನೆಯ ಜಾತಿ.

ಆ ಗೋಡೆಯ ನಡುವೆ ಕಿಟಕಿ ಇದೆ. ಎಡಭಾಗ ಅತ್ತೆಯ ಪಾಲಿಗೆ, ಬಲಭಾಗ ನನ್ನ ಪಾಲಿಗೆ. ಒಂದೇ ಗೋಡೆ, ಒಂದೇ ಮಳೆ, ಒಂದು ಕಡೆ ಸುಣ್ಣ, ಇನ್ನೊಂದು ಕಡೆ ಅಡಿಬಣ್ಣವಾದ ಪ್ರೈಮರ್, ಗೋಡೆಯನ್ನು ನಯಮಾಡುವ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಎಂದೂ ಕರೆಯುವ ಎಮಲ್ಷನ್. ಇದಕ್ಕಿಂತ ನ್ಯಾಯವಾದ ಪಂದ್ಯ ಸಿಗಲಾರದು.

ಸುಣ್ಣ ಎಂದ ಕೂಡಲೇ ಪೇಂಟರ್ ಮುಖ ಸಣ್ಣದು ಮಾಡಿದ. ಈಗ ಅದನ್ನು ಕೇಳುವವರೇ ಇಲ್ಲವಂತೆ. ಅವನ ಸಂಕಟಕ್ಕೆ ಕಾರಣವೂ ಇತ್ತು: ಹಳೆಯ ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಕೂರುವುದಿಲ್ಲ, ಪ್ಲಾಸ್ಟರ್ ಕಾಣುವವರೆಗೆ ಕೆರೆಯಲೇಬೇಕು. ಸಾಮಗ್ರಿಗೆ ಆದ ಖರ್ಚು ಚಿಲ್ಲರೆ, ಕೂಲಿಯೇ ದೊಡ್ಡದು. ಕುಂದಾಪುರದ ಕಡೆ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಕಂಡು ಬೆಳೆದ ಅತ್ತೆ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತರು. ಗಟ್ಟಿಯಾಗಿ ಒಮ್ಮೆ ಬಳಿಯಬಾರದು, ತೆಳ್ಳಗೆ ಮೂರು ಸಲ ಬಳಿಯಬೇಕು, ಕೊನೆಯ ಕೈಗೆ ಚಿಟಿಕೆ ನೀಲಿ ಬೆರೆಸಬೇಕು ಎಂದು ಹೇಳಿ ಹೇಳಿ ಮಾಡಿಸಿದರು. ಬಳಿದಾಗ ಮಬ್ಬಾಗಿ, ಗೋಡೆಯೇ ಕಾಣುವಂತಿದ್ದದ್ದು ಒಣಗುತ್ತ ಒಣಗುತ್ತ ಬೆಳ್ಳಗಾಯಿತು. ನೀರಿನಲ್ಲಿ ಕಲಸಿದ ಸುಣ್ಣ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ; ಅಂದರೆ ಗೋಡೆಯ ಮೇಲೆ ತೆಳುವಾದೊಂದು ಕಲ್ಲಿನ ಪದರ. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಗೋಡೆಯೊಳಗಿನ ತೇವ ಆವಿಯಾಗಿ ಹೊರಬೀಳಲು ದಾರಿ ಇರುತ್ತದೆ. ಒಂದು ಎಚ್ಚರಿಕೆ: ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಪೇಂಟರಿಗೆ ಕನ್ನಡಕ, ಕೈಗವಸು ಇರಲೇಬೇಕು.

ಜುಲೈ ನಡುವಿನ ಹೊತ್ತಿಗೆ ಫಲಿತಾಂಶ ಬಂತು. ಸುಣ್ಣದ ಭಾಗ ಜೋರು ಮಳೆಯ ದಿನಗಳಲ್ಲಿ ಅಲ್ಲಲ್ಲಿ ಕಪ್ಪಿಡುತ್ತಿತ್ತು, ಬಿಸಿಲು ಬಿದ್ದ ಮೇಲೆ ಮತ್ತೆ ತಿಳಿಯಾಗುತ್ತಿತ್ತು. ಎಮಲ್ಷನ್ ಭಾಗ ಮೇಲ್ನೋಟಕ್ಕೆ ಕೆನೆಬಣ್ಣದಲ್ಲಿ ಅಚ್ಚುಕಟ್ಟಾಗಿಯೇ ಇತ್ತು, ಸ್ವಿಚ್‌ಬೋರ್ಡಿನ ಕೆಳಗೆ ಅಂಗೈಯಗಲದ ಗುಳ್ಳೆ ಏಳುವವರೆಗೆ. ಉಗುರಿನಿಂದ ಚುಚ್ಚಿದರೆ ಹಳದಿ ನೀರು ಒಂದು ಗೆರೆಯಾಗಿ ಇಳಿಯಿತು. ಅಂಚು ಹಿಡಿದು ಎಳೆದಾಗ ಬಣ್ಣದ ಪದರ ಪುಟ್ಟಿಯನ್ನೂ ಬೆನ್ನಿಗೆ ಅಂಟಿಸಿಕೊಂಡು ಸುಲಿದು ಬಂತು. ಹಿಂದೆ ಬರಿಯ ಪ್ಲಾಸ್ಟರ್, ಅದರ ಮೇಲೆ ಬಿಳಿ ಉಪ್ಪಿನ ಎಳೆಗಳು. ಇಟ್ಟಿಗೆ ಮತ್ತು ಸಿಮೆಂಟಿನಲ್ಲಿರುವ ಲವಣ ನೀರಿನಲ್ಲಿ ಕರಗಿ ಮೇಲಕ್ಕೆ ಬಂದು, ನೀರು ಆರಿದ ಮೇಲೆ ಹರಳುಗಟ್ಟುತ್ತದೆ. ಮುಂದೆ ದಾರಿ ಕಾಣದೆ ಅದು ಬಣ್ಣವನ್ನೇ ಎತ್ತಿಹಾಕುತ್ತದೆ.

ಹಾಗೆಂದು ಸುಣ್ಣಕ್ಕೆ ಪೂರ್ತಿ ಜಯಕಾರ ಹಾಕಲಾರೆ. ಕಪ್ಪು ಅಂಗಿ ತೊಟ್ಟು ಗೋಡೆಗೆ ಒರಗಿದವರ ಬೆನ್ನು ಬೂದಿ ಬಳಿದುಕೊಂಡಂತಾಗುತ್ತದೆ. ಎಣ್ಣೆಗೈ ತಾಗಿದರೆ ಒರೆಸಲಾಗದು, ಮತ್ತೆ ಬಳಿಯಬೇಕು. ಬಣ್ಣಗಳ ಆಯ್ಕೆಯೂ ಕಡಿಮೆ. ಸುಣ್ಣದ ಕ್ಷಾರವನ್ನು ತಾಳಿಕೊಳ್ಳುವ ಕೆಮ್ಮಣ್ಣು, ಹಳದಿಮಣ್ಣಿನಂಥ ಖನಿಜ ಬಣ್ಣಗಳಷ್ಟೇ ನಿಲ್ಲುತ್ತವೆ. ಒಳಗಿನ, ಒಣಗಿದ ಗೋಡೆಗಳಲ್ಲಿ ಎಮಲ್ಷನ್ ಇದನ್ನು ಸುಲಭವಾಗಿ ಸೋಲಿಸುತ್ತದೆ. ಅಡುಗೆಮನೆಗೆ ಹೋಗುವ ಓಣಿಯಲ್ಲಿ ಸಾಂಬಾರಿನ ಕೈ ತಾಗಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಗುರುತೂ ಉಳಿಯಲಿಲ್ಲ. ಒಳ್ಳೆಯ ಎಮಲ್ಷನ್ ಒಂದು ಲೀಟರಿಗೆ ಎರಡು ಕೋಟ್ ಸೇರಿ ಸುಮಾರು 60ರಿಂದ 70 ಚದರ ಅಡಿ ಬರುತ್ತದೆ, ಗೋಡೆ ನಯವಾಗಿದ್ದರೆ ಮಾತ್ರ.

ಎಮಲ್ಷನ್‌ನಲ್ಲೂ ಹೊಳಪಿಲ್ಲದ ಮ್ಯಾಟ್ ಮತ್ತು ಹೊಳಪಿನದು ಎಂಬ ಇನ್ನೊಂದು ಜಗಳ. ಹೊಳಪಿನದು ಚೆನ್ನಾಗಿ ಒರೆಸಿಕೊಳ್ಳುತ್ತದೆ. ಆದರೆ ಹಳೆಯ ಕಟ್ಟಡದ ಗೋಡೆಯ ಉಬ್ಬುತಗ್ಗುಗಳನ್ನೆಲ್ಲ ಊರಿಗೇ ಸಾರುತ್ತದೆ, ಅದರಲ್ಲೂ ಪಕ್ಕದಿಂದ ದೀಪದ ಬೆಳಕು ಬಿದ್ದಾಗ. ಹಾಲಿಗೆ ಮ್ಯಾಟ್, ಓಣಿಗೆ ಹೊಳಪಿನದು ಎಂದು ಪಾಲು ಮಾಡಿದೆ. ಇದರಲ್ಲಿ ಯಾರ ಮತವನ್ನೂ ಕೇಳಲಿಲ್ಲ.

ಸೀಮೆಸುಣ್ಣದ ಪುಡಿ, ಅಂಟು ಬೆರೆತ ನೀರಿನ ಬಣ್ಣವಾದ ಡಿಸ್ಟೆಂಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗ, ಬೇಗ ಮುಗಿಯುತ್ತದೆ, ಬಾಡಿಗೆ ಮನೆ ಬಿಡುವಾಗ ಬಳಿದು ಕೊಡಲು ಸರಿ. ಕೈ ತಾಗಿದರೆ ಪುಡಿ ಬಿಡುವುದರಲ್ಲಿ ಸುಣ್ಣದ ಹಾಗೆಯೇ, ಆದರೆ ಸುಣ್ಣದ ಗುಣ ಅದಕ್ಕಿಲ್ಲ. ಮೇಲಾಗಿ, ಮುಂದೊಂದು ದಿನ ಎಮಲ್ಷನ್ ಹಾಕಬೇಕೆಂದರೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ನಮ್ಮ ಮಲಗುವ ಕೋಣೆಯಲ್ಲಿ ಮಾವನ ಕಾಲದ ಪದರಗಳು ಕೆರೆದಂತೆಲ್ಲ ಗುಲಾಬಿ, ತಿಳಿಹಸಿರು, ಮತ್ತೆ ಗುಲಾಬಿ ಎಂದು ಹೊರಬಂದವು. ಈ ಮನೆಯಲ್ಲಿ ಮನಸ್ಸು ಬದಲಿಸುವ ಚಟ ಹೊಸದಲ್ಲ.

ವಾಲ್‌ಪೇಪರ್ ನನ್ನನ್ನು ಬೆರಗುಗೊಳಿಸಿತು, ಎರಡು ರೀತಿಯಲ್ಲಿ. ಮಗಳ ಕೋಣೆಯ ಒಳಗೋಡೆಗೆ ಅಂಟಿಸಿದ್ದು ಮಳೆಗಾಲವಿಡೀ ಅಲುಗಾಡಲಿಲ್ಲ. ಒಂದೇ ಮಧ್ಯಾಹ್ನದ ಕೆಲಸ, ಧೂಳಿಲ್ಲ, ವಾಸನೆಯಿಲ್ಲ, ಕೋಣೆಯ ಚಹರೆಯೇ ಬದಲಾಯಿತು. ಉಳಿದ ತುಂಡನ್ನು ಅದೇ ಕೋಣೆಯ ಹೊರಗೋಡೆಗೆ, ಕಿಟಕಿಯ ಕೆಳಗೆ, ಹಟಕ್ಕೆ ಬಿದ್ದು ಅಂಟಿಸಿದಳು. ಆಗಸ್ಟ್‌ನಲ್ಲಿ ಅದರ ಜೋಡಣೆ ಬಿಟ್ಟುಕೊಂಡಿತು. ಎತ್ತಿ ನೋಡಿದರೆ ಬಾಳೆಲೆಯ ಹಿಂದೆ ಕರಿಯ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಹರಡಿತ್ತು. ಪ್ಲಾಸ್ಟಿಕ್ಕಿನ ಈ ವಿನೈಲ್ ಹಾಳೆ ಆವಿಯನ್ನು ಹೊರಗೆ ಬಿಡುವುದಿಲ್ಲ, ಅಂಟು ಬೂಷ್ಟಿಗೆ ಒಳ್ಳೆಯ ಊಟ. ಕೊಳ್ಳುವವರಿಗೆ ಒಂದು ಲೆಕ್ಕ: ಸಾಮಾನ್ಯ ರೋಲ್ 10 ಮೀಟರ್ ಉದ್ದ, 53 ಸೆಂಟಿಮೀಟರ್ ಅಗಲ, ಸುಮಾರು 57 ಚದರ ಅಡಿ. ಅಂಗಡಿಯವರು ಗೋಡೆಯ ಚದರ ಅಡಿಯನ್ನು 57ರಿಂದ ಭಾಗಿಸಿ ಹೇಳುತ್ತಾರೆ. ಹಾಗಲ್ಲ, ಪಟ್ಟಿಗಳನ್ನು ಎಣಿಸಬೇಕು. ಒಂಬತ್ತೂವರೆ ಅಡಿ ಎತ್ತರದ ಗೋಡೆಗೆ ಒಂದು ರೋಲಿನಿಂದ ಮೂರೇ ಪಟ್ಟಿ ಸಿಗುತ್ತವೆ. ಚಿತ್ರಕ್ಕೆ ಚಿತ್ರ ಕೂಡಿಸಬೇಕಾದರೆ ಮಿಕ್ಕ ತುಂಡು ಬೇರೆಡೆಗೆ ಬಾರದು. ಹತ್ತು ಅಡಿ ಅಗಲಕ್ಕೆ ಆರು ಪಟ್ಟಿ, ಎರಡು ರೋಲ್.

ತೇವದ ಗೋಡೆಗೆ ಪಿವಿಸಿ ಪ್ಯಾನೆಲ್ ಹೊಡೆದುಬಿಡಿ ಎಂದು ಒಬ್ಬ ಗುತ್ತಿಗೆದಾರ ಸಲಹೆ ಕೊಟ್ಟ. ಕಣ್ಣಿಗೆ ಕಾಣದಿದ್ದರೆ ರೋಗ ವಾಸಿಯಾದಂತೆ ಎಂಬ ವೈದ್ಯ ಇದು. ಹಿಂದಿನ ಸಂದು ಜಿರಲೆಗಳಿಗೆ ಬಾಡಿಗೆಯಿಲ್ಲದ ಮನೆಯಾಗುತ್ತದೆ. ಅದನ್ನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ. ಅದರ ದುಡ್ಡಿನಲ್ಲಿ ಹೊರಗಿನ ಬಿರುಕು ತುಂಬಿಸಿದೆವು. ಬಚ್ಚಲಿನ ನೀರು ಹೊರಹೋಗುವ ನಹಾನಿ ಟ್ರ್ಯಾಪ್‌ನ ಸುತ್ತ ಸೋರುತ್ತಿದ್ದದ್ದನ್ನೂ ಬಿಚ್ಚಿ ಸರಿಪಡಿಸಿದೆವು. ಹೊಸ ಪ್ಲಾಸ್ಟರ್ ಒಣಗಲು ಕನಿಷ್ಠ 28 ದಿನ ಬೇಕು. ಪೇಂಟರ್‌ಗಳು ಅಷ್ಟು ಕಾಯಲು ಒಪ್ಪುವುದಿಲ್ಲ, ನಮ್ಮಂಥ ಗೊಂದಲದ ಮನೆಯವರಿಗೆ ಮಾತ್ರ ಅದು ಸಲೀಸು.

ನೆಲದ ಮಾತು ಗೋಡೆಯಷ್ಟು ಜಟಿಲವಲ್ಲ, ಏಕೆಂದರೆ ಎರಡು ಬಗೆಯ ನೆಲವನ್ನೂ ವರ್ಷಗಳಿಂದ ತುಳಿಯುತ್ತಿದ್ದೇವೆ. ಮಗಳ ಕೋಣೆಗೆ ಹಿಂದೆಯೇ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದೆವು, ಹಾಲಿನಲ್ಲಿ ಮೊದಲಿನ ಮೊಸಾಯಿಕ್ ಲಾದಿಗಳೇ (ಹಾಸುಬಿಲ್ಲೆಗಳೇ) ಇವೆ. ವಿಟ್ರಿಫೈಡ್ ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ, ಆದ್ದರಿಂದ ಕಲೆ ಇಳಿಯುವುದಿಲ್ಲ. ಆದರೆ ಮಳೆಗಾಲದಲ್ಲಿ ಒದ್ದೆ ಕಾಲಿಗೆ ಜಾರುತ್ತದೆ. ಅತ್ತೆ ಆ ಕೋಣೆಗೆ ಗೋಡೆ ಹಿಡಿದೇ ಹೋಗುತ್ತಾರೆ. ಹಳೆಯದನ್ನು ಒಡೆಯುವುದೆಂದರೆ ಸೊಸೈಟಿಯ ಅನುಮತಿ, ಠೇವಣಿ, ಮಧ್ಯಾಹ್ನದ ಸದ್ದಿಗೆ ಕೆಳಗಿನವರ ಮುನಿಸು, ಚೀಲ ಚೀಲ ರಾಬಿಟ್ (ಒಡೆದ ಚೂರು, ಮಣ್ಣು) ಇಳಿಸುವ ಕೂಲಿ. ಮೊಸಾಯಿಕ್‌ಗೆ ಯಂತ್ರದಿಂದ ಪಾಲಿಶ್ ಮಾಡಿಸಿದಾಗ, ಸಿಮೆಂಟಿನಲ್ಲಿ ಹುದುಗಿದ ಅಮೃತಶಿಲೆಯ ಚೂರುಗಳು ಕಂದು, ಹಸಿರು, ಬಿಳಿ ಎಂದು ಬೇರೆ ಬೇರೆಯಾಗಿ ಎದ್ದುಕಂಡವು. ಬಿರುಕು ಬಿಟ್ಟ ಲಾದಿಗಳಿಗೆ ಜೊತೆ ಅಂಗಡಿಯಲ್ಲಿ ಸಿಗಲಿಲ್ಲ. ಕಪಾಟಿನ ಅಡಿಯವನ್ನು ಎಬ್ಬಿಸಿ ಅಲ್ಲಿ ಕೂರಿಸಿದೆವು. ಪಾಲಿಶ್ ಮಾಡುವಾಗ ಕೆಸರು ಗೋಡೆಯ ಬುಡಕ್ಕೆಲ್ಲ ಸಿಡಿಯುತ್ತದೆ, ಹಾಗಾಗಿ ಅದು ಮುಗಿದ ಮೇಲೆಯೇ ಬಣ್ಣದ ಕೊನೆಯ ಕೋಟ್. ಖರ್ಚು, ಗದ್ದಲ, ಕಾಲಿನ ಹಿತ ಮೂರರಲ್ಲೂ ನನ್ನ ಮತ ಹಳೆಯ ನೆಲಕ್ಕೆ.

ಅಡುಗೆಮನೆಯ ಕಟ್ಟೆಗೆ ಕಲ್ಲಿನ ಅಂಗಡಿಯಿಂದ ಕಡಪ, ಕಪ್ಪು ಗ್ರಾನೈಟ್, ಬಿಳಿ ಕ್ವಾರ್ಟ್ಸ್‌ನ ಚೂರುಗಳನ್ನು ತಂದು ನಿಂಬೆರಸ, ಅರಿಸಿನ, ಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆ. ಕಡಪ ಸುಣ್ಣಕಲ್ಲು, ನಿಂಬೆ ಬಿದ್ದಲ್ಲಿ ಹೊಳಪು ಸತ್ತಿತ್ತು. ಕ್ವಾರ್ಟ್ಸ್‌ನ ಮೇಲೆ ಅರಿಸಿನದ ಛಾಯೆ ಉಳಿಯಿತು, ಅದನ್ನು ಬಾಲ್ಕನಿಯ ಬಿಸಿಲಿನಲ್ಲಿ ಇಟ್ಟಾಗ ಮಾಸಿತು. ಆದರೆ ಕಟ್ಟೆಯನ್ನು ಬಿಸಿಲಿಗೆ ಒಯ್ಯಲಾಗುವುದಿಲ್ಲ. ಕ್ವಾರ್ಟ್ಸ್‌ನಲ್ಲಿ ರಾಳ ಬೆರೆತಿರುವುದರಿಂದ ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಡುವಂತೆಯೂ ಇಲ್ಲ. ಗ್ರಾನೈಟ್ ಏನೂ ಆಗದವರಂತೆ ಇತ್ತು. ಇಲ್ಲಿ ಮಾತ್ರ ನಾಲ್ವರೂ ಒಪ್ಪಿದೆವು.

ಕೊನೆಗೆ ಉಳಿದದ್ದು ಬಣ್ಣದ ಛಾಯೆ. ಗೋಡೆಯ ಮೇಲೆ ಮಾದರಿ ಬಳಿಯುವ ಬದಲು ಎರಡಡಿ ಚೌಕದ ರಟ್ಟುಗಳಿಗೆ ಬಳಿದು ಕೋಣೆಯಿಂದ ಕೋಣೆಗೆ ಸರಿಸುತ್ತ ನೋಡಿದೆವು. ಇವರ ಬೆಳಗಿನ ಮತ್ತು ರಾತ್ರಿಯ ಅಭಿಪ್ರಾಯಗಳ ಗುಟ್ಟು ಆಗ ಬಯಲಾಯಿತು. ಹಗಲಿನಲ್ಲಿ ತಿಳಿ ಕೆನೆಯಾಗಿ ಕಂಡ ಬಣ್ಣ, ನಮ್ಮ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನೀಲಿ ಛಾಯೆ) ಟ್ಯೂಬ್‌ಲೈಟ್ ಹಾಕಿದ ಕೂಡಲೇ ಆಸ್ಪತ್ರೆಯ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಲೋಹಾರ್ ಚಾಳಿನ ದೀಪದ ಅಂಗಡಿಗಳಿಂದ 3000 ಮತ್ತು 4000 ಕೆಲ್ವಿನ್‌ನ ಎಲ್‌ಇಡಿ ಬಲ್ಬುಗಳನ್ನು ತಂದು ಒಂದೊಂದನ್ನೇ ಹಾಕಿ ನೋಡಿದೆವು. 3000ದ್ದು ಮಾಗಿದ ಹಳದಿ ಬೆಳಕು, ಹರಟೆಗೆ ಹಿತ, ಆದರೆ ಅತ್ತೆಗೆ ಪತ್ರಿಕೆ ಓದಲು ಮಂದ. 4000ದ್ದರಲ್ಲಿ ಕೆನೆ ಕೆನೆಯಾಗಿಯೇ ಉಳಿಯಿತು. ಹಾಲಿಗೆ ಅದೇ ಗಟ್ಟಿ. ಇಡೀ ಮನೆಗೆ ಆದ ಖರ್ಚಿನಲ್ಲಿ ಇದರಷ್ಟು ಅಗ್ಗದ್ದೂ, ಇದರಷ್ಟು ವಾದ ನಿಲ್ಲಿಸಿದ್ದೂ ಬೇರೆ ಇಲ್ಲ.

ಈ ಕಡೆ ಎಲ್ಲರೂ ಗಣಪತಿ ಹಬ್ಬದೊಳಗೆ ಬಣ್ಣ ಮುಗಿಯಬೇಕೆಂದು ಓಡುತ್ತಾರೆ. ಅಂದರೆ ಗೋಡೆ ಅತ್ಯಂತ ಒದ್ದೆಯಾಗಿರುವ ಹೊತ್ತಿನಲ್ಲಿ ಪುಟ್ಟಿ ಹಚ್ಚಿಸುತ್ತಾರೆ. ದೀಪಾವಳಿಗೆ ಪೇಂಟರ್‌ಗಳು ಕೈಗೆ ಸಿಗುವುದಿಲ್ಲ. ಜನವರಿಯಿಂದ ಏಪ್ರಿಲ್ ನಡುವೆ ಮಾಡಿಸಿದರೆ ಗೋಡೆಯೂ ಒಣಗಿರುತ್ತದೆ, ಪೇಂಟರೂ ಫೋನ್ ಎತ್ತುತ್ತಾನೆ. ನಾವು ಫೆಬ್ರವರಿಯಲ್ಲಿ ಶುರುಮಾಡಿದೆವು: ಪಡುವಣ ಗೋಡೆಗೂ ಬಚ್ಚಲಿನ ಸೂರಿಗೂ ಸುಣ್ಣ, ಒಳಗೋಡೆಗಳಿಗೆ ಎಮಲ್ಷನ್, ಮಗಳ ಕೋಣೆಯ ಒಂದೇ ಒಂದು ಒಳಗೋಡೆಗೆ ಬಾಳೆಲೆ. ಸುಣ್ಣದ ಗೋಡೆಗೆ ಯಾರೂ ಒರಗದಂತೆ ಅಲ್ಲಿ ಪುಸ್ತಕದ ಕಪಾಟನ್ನು ಒಂದು ಗೇಣು ಬಿಟ್ಟು ನಿಲ್ಲಿಸಿದ್ದೇವೆ. ಪರದೆಗಳಿಗೆಂದು ಮಂಗಲದಾಸ್ ಮಾರ್ಕೆಟ್ಟಿನಿಂದ ತಂದ ಬಟ್ಟೆಯ ಎರಡು ಮಾದರಿಗಳು ಕಿಟಕಿಗೆ ಪಿನ್ ಚುಚ್ಚಿಕೊಂಡು ನೇತಾಡುತ್ತಿವೆ. ಇವರಿಗೆ ಸದ್ಯ ಎರಡೂ ಹಿಡಿಸಿವೆ.