ಆರ್ ಮತ್ತು ಆರ್‌ಸ್ಟುಡಿಯೊ ರಿವ್ಯೂ: ಕೆಂಪಕ್ಷರ ಬಂದ್ರೆ ಪರ್ವಾಗಿಲ್ಲ, ಬರ್ದೇ ಇದ್ದಾಗ ಹುಷಾರು

ನಮ್ಮ ಕಾಫಿ ತೋಟ ಕೊಡಗಿನ ಮಾದಾಪುರದ ಕಡೆ. 1992ರಿಂದ 2021ರ ತನಕ, 30 ವರ್ಷದ ಮಳೆ ಲೆಕ್ಕ ಅಪ್ಪನ ರಿಜಿಸ್ಟರ್‌ಗಳಲ್ಲಿ ಇದೆ, ದಿನಾ ಬೆಳಿಗ್ಗೆ ರೈನ್ ಗೇಜ್ ನೋಡಿ ಇಂಚು ಸೆಂಟಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ಬರ್ದಿಟ್ಟಿದ್ದು, ಕೆಲವು ವರ್ಷ ಅಪ್ಪನ ಕೈಬರಹ ಕೆಲವು ವರ್ಷ ತೋಟದ ಲೆಕ್ಕ ಬರೆಯೋ ರೈಟರ್‌ದು. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಹಿಂದೆಮುಂದೆ ಆಗ್ತಿದೆ ಅಂತ ಸಂತೇಲಿ ಎಲ್ಲರೂ ಹೇಳ್ತಾರಲ್ಲ, ನಿಜಾನಾ ನೋಡೇಬಿಡೋಣ ಅಂತ ಅಷ್ಟನ್ನೂ ಕೂತು ಟೈಪ್ ಮಾಡ್ದೆ, ಸುಮಾರು 11 ಸಾವಿರ ಸಾಲು. ಅದನ್ನ ಆರ್‌ಗೆ ಹಾಕಿ ಎಂಟು ತಿಂಗಳು ಗುದ್ದಾಡಿದ ಮೇಲೆ ಈ ರಿವ್ಯೂ.

ಗೊತ್ತಿಲ್ಲದವ್ರಿಗೆ: ಆರ್ ಅಂದ್ರೆ ಅಂಕಿಅಂಶದ ಕೆಲಸಕ್ಕೇ ಅಂತ ಇರೋ ಪ್ರೋಗ್ರಾಮಿಂಗ್ ಭಾಷೆ, ನ್ಯೂಜಿಲೆಂಡಿನ ಆಕ್ಲೆಂಡ್ ಯೂನಿವರ್ಸಿಟಿಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಶುರು ಮಾಡಿದ್ದು, 1.0.0 ವರ್ಷನ್ ಬಂದಿದ್ದು 2000ದ ಫೆಬ್ರವರಿ 29ಕ್ಕೆ. ಒಂದು ರೂಪಾಯಿ ಖರ್ಚಿಲ್ಲ. ಆರ್‌ಸ್ಟುಡಿಯೊ ಅಂದ್ರೆ ಆರ್ ಕೋಡ್ ಬರೆದು ಓಡಿಸೋಕೆ ಇರೋ ಸಾಫ್ಟ್‌ವೇರ್. ಆರ್ ಇಂಜಿನ್ನು, ಆರ್‌ಸ್ಟುಡಿಯೊ ಜೀಪಿನ ಬಾಡಿ, ಹಾಗಾಗಿ ಮೊದ್ಲು ಆರ್ ಹಾಕಿ ಆಮೇಲೆ ಆರ್‌ಸ್ಟುಡಿಯೊ ಹಾಕ್ಬೇಕು, ಬರೀ ಬಾಡಿ ತಂದು ಓಡ್ತಿಲ್ಲ ಅಂತ ಬೈದ್ರೆ ಏನು ಮಾಡೋದು.

ಮಳೆಗಾಲದಲ್ಲಿ ಪ್ಯಾಕೇಜ್ (ಆರ್‌ಗೆ ಬೇಕಾದಾಗ ಸೇರಿಸ್ಕೊಳ್ಳೋ ಹೆಚ್ಚುವರಿ ಕಮಾಂಡ್‌ಗಳ ಕಟ್ಟು) ಇನ್‌ಸ್ಟಾಲ್ ಮಾಡೋದು ನಮ್ಮೂರಲ್ಲಿ ಬೇರೇನೇ ಕಥೆ. ನೆಟ್‌ವರ್ಕ್ ಎರಡು ಕಡ್ಡಿ, ಡೌನ್‌ಲೋಡ್ ಅರ್ಧಕ್ಕೆ ನಿಲ್ತದೆ, ಯಾಕಂದ್ರೆ ಆರ್ 60 ಸೆಕೆಂಡ್ ಮಾತ್ರ ಕಾಯ್ತದೆ. ಆಪ್ಷನ್ಸ್ ಕಮಾಂಡಲ್ಲಿ ಟೈಮ್‌ಔಟ್ 600 ಅಂತ ಕೊಟ್ಟು ಕಾಫಿ ಕುಡಿದು ಬನ್ನಿ, ಬರ್ತದೆ. ಇನ್‌ಸ್ಟಾಲ್ ಆಗ್ತಿರುವಾಗ್ಲೇ ಕರೆಂಟ್ ಹೋಗಿ ಲ್ಯಾಪ್‌ಟಾಪೂ ಆಫ್ ಆಯ್ತು ಅನ್ಕೊಳ್ಳಿ (ನನ್ ಬ್ಯಾಟರಿ ಯಾವತ್ತೋ ಸತ್ತಿದೆ), ಮತ್ತೆ ಹಾಕೋಕೆ ಹೋದ್ರೆ ಡೈರೆಕ್ಟರಿ ಲಾಕ್ ಮಾಡಕ್ಕಾಗ್ತಿಲ್ಲ ಅಂತದೆ. ಲೈಬ್ರರಿ ಫೋಲ್ಡರಲ್ಲಿ ಸೊನ್ನೆ ಸೊನ್ನೆ ಲಾಕ್ ಅಂತ ಶುರುವಾಗೋ ಒಂದು ಫೋಲ್ಡರ್ ಉಳ್ಕೊಂಡಿರ್ತದೆ, ಅದನ್ನ ಡಿಲೀಟ್ ಮಾಡಿದ್ರೆ ಸರಿಹೋಗ್ತದೆ. ಇದು ಗೊತ್ತಾಗದೆ ನಾನು ಆರ್ ಪೂರ್ತಿ ತೆಗ್ದು ಎರಡು ಸಲ ಹೊಸದಾಗಿ ಹಾಕಿದೀನಿ.

ಕೆಂಪಕ್ಷರದ ಎರರ್‌ಗಳು ಪಾಪದವು. ಫಂಕ್ಷನ್ ಸಿಗ್ತಿಲ್ಲ ಅಂದ್ರೆ ಪ್ಯಾಕೇಜ್ ಇದ್ರೂ ಲೈಬ್ರರಿ ಕಮಾಂಡ್ ಕೊಟ್ಟಿರಲ್ಲ, ಇಲ್ಲಾಂದ್ರೆ ಸ್ಪೆಲಿಂಗ್. ಆಬ್ಜೆಕ್ಟ್ ಸಿಗ್ತಿಲ್ಲ ಅಂದ್ರೆ ಕ್ಯಾಪಿಟಲ್ ಸ್ಮಾಲ್ ನೋಡಿ, ದೊಡ್ಡ ಎಂ ಬೇರೆ ಸಣ್ಣ ಎಂ ಬೇರೆ ಇದಕ್ಕೆ. ಎಂಟರ್ ಹೊಡೆದ್ರೂ ಬರೀ ಪ್ಲಸ್ ಚಿಹ್ನೆ ಬರ್ತಾನೇ ಇದ್ರೆ ಎಲ್ಲೋ ಬ್ರಾಕೆಟ್ ಮುಚ್ಚಿಲ್ಲ, ಎಸ್ಕೇಪ್ ಒತ್ತಿ ಮತ್ತೆ ಬರೀರಿ. ವಿಂಡೋಸಲ್ಲಿ ಫೈಲಿನ ದಾರಿ ಕಾಪಿ ಮಾಡಿ ಹಾಗೇ ಅಂಟಿಸ್ಬೇಡಿ, ಹಿಂದಕ್ಕೆ ಬಾಗಿರೋ ಗೆರೆಗಳನ್ನ ಮುಂದಕ್ಕೆ ಬಾಗಿರೋದಕ್ಕೆ ಬದಲಾಯಿಸ್ಬೇಕು. ಈ ಪ್ಯಾಕೇಜ್ ಬೇರೆ ವರ್ಷನ್ ಆರ್‌ನಲ್ಲಿ ಕಟ್ಟಿದ್ದು ಅನ್ನೋದು ವಾರ್ನಿಂಗ್ ಅಷ್ಟೇ, ಸಾಮಾನ್ಯವಾಗಿ ಏನೂ ಆಗಲ್ಲ.

ನನ್ನ ಹಾಳು ಮಾಡಿದ್ದು ಕೂಗದೇ ಇದ್ದ ತಪ್ಪುಗಳು.

ತಾರೀಕನ್ನ ನಮ್ಮ ಪದ್ಧತಿಲಿ ದಿನ, ತಿಂಗಳು, ವರ್ಷ ಅಂತ 01/06/1992 ಹೀಗೆ ಬರ್ದಿದ್ದೆ. ಅದನ್ನ ಆರ್‌ಗೆ ತಾರೀಕು ಅಂತ ತಿಳಿಸೋ ಆ್ಯಸ್ ಡಾಟ್ ಡೇಟ್ ಕಮಾಂಡ್ ಕೊಟ್ಟೆ, ಒಂದೂ ಎರರ್ ಇಲ್ಲ. ವರ್ಷವಾರು ಮಳೆ ಕೂಡ್ಸಿ ಗ್ರಾಫ್ ಹಾಕಿದ್ರೆ 31 ಕಂಬ, ಕೆಳಗೆ 1, 2, 3 ಅಂತ ನಂಬರ್. ಓ ಮೊದಲನೇ ವರ್ಷ ಎರಡನೇ ವರ್ಷ ಅಂತ ಎಣಿಸಿರ್ಬೇಕು, ನಾನೇ ಎಲ್ಲೋ ಒಂದು ವರ್ಷ ಜಾಸ್ತಿ ಟೈಪ್ ಮಾಡಿದೀನಿ ಅಂದ್ಕೊಂಡೆ. ಕೊನೇ ಕಂಬ ಮಾತ್ರ ಯಾಕೆ ಅಷ್ಟು ಕುಳ್ಳ ಅಂತ ಎರಡು ದಿನ ತಲೆ ಕೆರ್ಕೊಂಡೆ. ಆಮೇಲೆ ಕಾಲಂ ತೆಗ್ದು ಕಣ್ಣಾರೆ ನೋಡಿದ್ರೆ ಎಲ್ಲಾ ತಾರೀಕೂ 19 ಇಲ್ಲಾ 20! ನಾವು ಏನೂ ಹೇಳ್ದೇ ಇದ್ರೆ ಅದು ವರ್ಷ ಮೊದ್ಲು ಬರ್ತದೆ ಅಂತ ಓದ್ತದೆ, ಹಾಗಾಗಿ ಒಂದನೇ ತಾರೀಕು ಹೋಗಿ ಕ್ರಿಸ್ತಶಕ 1 ಆಗಿತ್ತು, 1992ರ ಮೊದಲೆರಡು ಅಂಕಿ ತಾರೀಕಾಗಿತ್ತು. 31 ಕಂಬ ಅಂದ್ರೆ ತಿಂಗಳ 31 ದಿನ, 31ನೇ ತಾರೀಕು ಏಳೇ ತಿಂಗಳಲ್ಲಿ ಬರೋದು, ಜೂನಲ್ಲಂತೂ ಇಲ್ಲವೇ ಇಲ್ಲ, ಅದಕ್ಕೇ ಅದು ಕುಳ್ಳ. ಫಾರ್ಮ್ಯಾಟ್ ಅಂತ ಕೊಟ್ಟು ಸಣ್ಣ ಡಿ, ಸಣ್ಣ ಎಂ, ದೊಡ್ಡ ವೈ, ಪ್ರತಿಯೊಂದರ ಹಿಂದೆ ಪರ್ಸೆಂಟ್ ಚಿಹ್ನೆ, ಮಧ್ಯೆ ಅದೇ ಓರೆ ಗೆರೆ ಹಾಕಿ ಬರೆದ್ರೆ ಸರಿಯಾಗ್ತದೆ. ವೈ ಸಣ್ಣದು ಹಾಕಿದ್ರೋ, 30 ವರ್ಷದ ಮಳೆಯೂ 2019 ಮತ್ತು 2020ರಲ್ಲೇ ಸುರಿದುಬಿಡ್ತದೆ.

ಎರಡನೇದು ರೈಟರ್ ಬರ್ದಿದ್ದ 3-50, ಅಂದ್ರೆ ಮೂರಿಂಚು ಐವತ್ತು ಸೆಂಟು. ಸ್ಪ್ರೆಡ್‌ಶೀಟಲ್ಲಿ ಹಾಗೇ ಹೊಡೆದೆ, ಅದು ಮಾರ್ಚ್ 1950 ಅಂತ ಮಾಡ್ಕೊಂಡಿತ್ತು. ಆರ್‌ನಲ್ಲಿ ನಂಬರಿಗೆ ಬದಲಾಯಿಸಿದಾಗ ಅವೆಲ್ಲ ಎನ್‌ಎ (ಅಂದ್ರೆ ಲೆಕ್ಕ ಇಲ್ಲ, ಖಾಲಿ) ಆದ್ವು, ವಾರ್ನಿಂಗ್ ಕೊಟ್ಟಿತ್ತು, ಓದದೆ ಮುಂದೆ ಹೋಗಿದ್ದು ನಾನು. ಮಧ್ಯೆ ಚುಕ್ಕಿ ಇಟ್ಟು 3.50 ಅಂತ ಹೊಡೀರಿ.

ಆದ್ರೆ ಮರ್ಯಾದೆ ಹೋಗಿದ್ದು ಮೂರನೇದ್ರಲ್ಲಿ. ಒಂದು ಎನ್‌ಎ ಇದ್ರೂ ಮೊತ್ತ ಎನ್‌ಎ ಅಂತಾನೇ ಬರ್ತದೆ, ಅದಕ್ಕೆ ಖಾಲಿ ಇದ್ದಿದ್ದು ಬಿಟ್ಟು ಕೂಡ್ಸು ಅನ್ನೋಕೆ ಎನ್‌ಎ ಡಾಟ್ ಆರ್‌ಎಂ ಟ್ರೂ ಅಂತ ಕೊಡಿ ಅಂತ ಎಲ್ಲರೂ ಹೇಳ್ತಾರೆ, ಕೊಟ್ಟೆ. 2018ರ ಆಗಸ್ಟಿನ ಮಳೆ ಹಿಂದಿನ ವರ್ಷದ ಆಗಸ್ಟಿಗಿಂತ ಕಮ್ಮಿ ಬಂತು. ಅಪ್ಪಂಗೆ ತೋರ್ಸಿದ್ರೆ ಕನ್ನಡಕ ಮೇಲೆ ಮಾಡಿ ನನ್ನೇ ನೋಡಿದ್ರು. "ಗುಡ್ಡ ಜರಿದು ಅರ್ಧ ಊರು ಕ್ಯಾಂಪಲ್ಲಿತ್ತಲ್ಲ ಮಾರಾಯ, ಆ ವಾರ ಬರೆಯೋಕೆ ತೋಟದಲ್ಲಿ ಯಾರಿದ್ರು?" ರಿಜಿಸ್ಟರಲ್ಲಿ ಒಂಬತ್ತು ದಿನ ಖಾಲಿ. ಆರ್ ಆ ಒಂಬತ್ತು ದಿನ ಬಿಟ್ಟು ಉಳಿದಿದ್ದನ್ನ ಕೂಡಿಸಿತ್ತು, ಅಂದ್ರೆ ಪ್ರಳಯದ ವಾರದಲ್ಲಿ ಸೊನ್ನೆ ಮಳೆ. ನಾನು ಹೇಳಿದ್ದನ್ನೇ ಅದು ಮಾಡಿದೆ, ಅದಕ್ಕೇನು ಗೊತ್ತು. ಈಗ ಪ್ರತಿ ತಿಂಗಳಿಗೂ ಎಷ್ಟು ದಿನ ಖಾಲಿ ಅಂತ ಇಸ್ ಡಾಟ್ ಎನ್‌ಎ ಹಾಕಿ ಮೊದ್ಲು ಎಣಿಸ್ತೀನಿ, ಐದಕ್ಕಿಂತ ಜಾಸ್ತಿ ಇದ್ರೆ ಆ ತಿಂಗಳನ್ನೇ ಕೈಬಿಡ್ತೀನಿ. ಐದು ಅನ್ನೋದು ನನ್ನ ಲೆಕ್ಕ, ನಿಮ್ದು ನೀವು ನೋಡ್ಕೊಳ್ಳಿ.

ಕನ್ನಡ ಅಕ್ಷರ ಬರ್ತದಾ? ಹಳೇ ಆರ್ ವಿಂಡೋಸಲ್ಲಿ ಕನ್ನಡದ ಬದ್ಲು ಯು ಪ್ಲಸ್ ಅಂತ ಕೋಡ್ ತೋರಿಸೋದು, 2022ರ 4.2.0 ವರ್ಷನ್ನಿಂದ ಸರಿಯಾಗಿದೆ, ವಿಂಡೋಸ್ ಮಾತ್ರ ಹೊಸದಿರ್ಬೇಕು.

ಆರ್‌ಸ್ಟುಡಿಯೊಗೆ ಒಂದು ದೂರು: ಮುಚ್ಚುವಾಗ ವರ್ಕ್‌ಸ್ಪೇಸ್ (ಆಗ ಮೆಮೊರಿಲಿರೋ ಟೇಬಲ್ಲು ಗೀಬಲ್ಲು ಎಲ್ಲಾ) ಸೇವ್ ಮಾಡ್ಲಾ ಅಂತ ಕೇಳ್ತದೆ, ಹೂಂ ಅಂದ್ರೆ ಮೂರು ವಾರದ ಹಿಂದಿನ ತಪ್ಪು ಟೇಬಲ್ಲು ಹಾಗೇ ಕೂತಿರ್ತದೆ, ಕೋಡಲ್ಲಿ ತಪ್ಪಿದ್ರೂ ಓಡ್ತದೆ. ಬೇಡ ಅನ್ನಿ. ದಿನಕ್ಕೊಮ್ಮೆಯಾದ್ರೂ ಕಂಟ್ರೋಲ್ ಶಿಫ್ಟ್ ಎಫ್10 ಒತ್ತಿ ರೀಸ್ಟಾರ್ಟ್ ಮಾಡಿ ಮೇಲಿಂದ ಪೂರ್ತಿ ಓಡ್ಸಿ ನೋಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಆ ತಾರೀಕಿನ ವಿಷ್ಯಕ್ಕೆ, ಕ್ರಿಸ್ತಶಕ 1ರ ಮಳೆ ಲೆಕ್ಕ ಕೊಟ್ರೆ ಒಂದ್ಸಲ ಆದ್ರೂ ಕೇಳ್ಬಾರ್ದಾ. ಅಪ್ಪ ಮೊನ್ನೆ ಕಾಳುಮೆಣಸಿನ ಲೆಕ್ಕದ ಪುಸ್ತಕಾನೂ ತಂದು ಮೇಜಿನ ಮೇಲಿಟ್ಟಿದಾರೆ. ತೆಗ್ದು ನೋಡ್ದೆ, ಕೆಲವು ವರ್ಷ ಕೆಜಿ, ಕೆಲವು ವರ್ಷ ಬರೀ ಮೂಟೆ.