ಕಲೆಯಿರುವ ಹಲ್ಲುಗಳ ಸಾಲಿನಲ್ಲಿ ಪಿಂಗಾಣಿ ಕ್ಯಾಪ್: ಕೆಲವು ವರ್ಷಗಳ ಬಳಕೆಯ ನಂತರ

ಬಾಗೇಪಲ್ಲಿ ಕಡೆಯ ಕೊಳವೆಬಾವಿ ನೀರು ಕುಡಿದು ಬೆಳೆದವರು ಹಲ್ಲಿಗೆ ಕ್ಯಾಪ್ ಹಾಕಿಸಲು ಹೋದರೆ ಮೊದಲು ಎದುರಾಗುವುದು ಬಣ್ಣದ ತೊಡಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡ ಭಾಗದ ಎಷ್ಟೋ ಕೊಳವೆಬಾವಿಗಳು ಆ ಮಿತಿಯನ್ನು ದಾಟಿವೆ. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆಗಳೂ ಕಂದು ಗೆರೆಗಳೂ ಶಾಶ್ವತವಾಗಿ ಉಳಿಯುತ್ತವೆ. ನನ್ನವೂ ಅಂಥ ಹಲ್ಲುಗಳೇ. ಮೇಲಿನ ಕೋರೆಹಲ್ಲಿನ ಹಿಂದಿನದು ಹುಳುಕು ಹಿಡಿದು ಒಂದು ಮಗ್ಗುಲು ಮುರಿದಾಗ, ಚಿಕ್ಕಬಳ್ಳಾಪುರದಲ್ಲಿ ರೂಟ್ ಕೆನಾಲ್ ಮಾಡಿಸಿ, ಒಳಗೆ ಲೋಹದ ಪದರವಿರುವ ಪಿಂಗಾಣಿ ಕ್ಯಾಪ್ ಹಾಕಿಸಿಕೊಂಡೆ.

ಬಣ್ಣ ಹೊಂದಿಸಲು ವೈದ್ಯರು ಬಳಸುವ ಶೇಡ್ ಗೈಡಿನಲ್ಲಿ ಎ1ರಿಂದ ಡಿ4ರವರೆಗೆ 16 ಛಾಯೆಗಳಿರುತ್ತವೆ. ಕಲೆಯಿರುವ ಹಲ್ಲಿಗೆ ಅವುಗಳಲ್ಲಿ ಒಂದೂ ಪೂರ್ತಿಯಾಗಿ ಹೊಂದುವುದಿಲ್ಲ. ನನ್ನ ವೈದ್ಯರು ಹಲ್ಲು ಅರೆಯುವ ಮೊದಲೇ, ಬೆಳಗಿನ ಬೆಳಕಿನಲ್ಲಿ ಕಿಟಕಿಯ ಬಳಿ ನಿಲ್ಲಿಸಿ, ಬಾಯಿ ಒದ್ದೆಯಾಗಿರುವಾಗಲೇ ಬಣ್ಣ ನೋಡಿದರು, ಏಕೆಂದರೆ ಒಣಗಿದ ಹಲ್ಲು ಇರುವುದಕ್ಕಿಂತ ಬಿಳುಪಾಗಿ ಕಾಣುತ್ತದೆ. ಅಷ್ಟಾದರೂ ಲ್ಯಾಬಿನಿಂದ ಮೊದಲು ಬಂದ ಕ್ಯಾಪ್ ಸಾಲಿನಲ್ಲಿ ಎದ್ದು ಕಾಣುವಷ್ಟು ಬಿಳಿಯಾಗಿತ್ತು. ಅವರು ಅದನ್ನು ಅಂಟಿಸದೆ, ಅಕ್ಕಪಕ್ಕದ ಹಲ್ಲುಗಳ ಫೋಟೋ ಜೊತೆಗಿಟ್ಟು ಹಿಂದಕ್ಕೆ ಕಳುಹಿಸಿದರು. ಮರಳಿ ಬಂದಾಗ ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ, ತುದಿಯ ಹತ್ತಿರ ಮಸುಕಾದ ಬಿಳಿ ಮಚ್ಚೆ ಇದ್ದವು. ಕುಂಚದಲ್ಲಿ ಬಣ್ಣ ಹಚ್ಚಿ, ಮತ್ತೆ ಕುಲುಮೆಯಲ್ಲಿ ಸುಟ್ಟು ಹೊಳಪು ಕೊಟ್ಟಿದ್ದರು. ಕಾಣದ ಊರಿನಲ್ಲಿ ಕುಳಿತ ಒಬ್ಬ ತಂತ್ರಜ್ಞ ನಮ್ಮ ನೀರಿನ ಕಲೆಯನ್ನು ಅಷ್ಟು ಶ್ರದ್ಧೆಯಿಂದ ಬರೆದದ್ದು ನನಗೆ ಇಂದಿಗೂ ಸಂತೋಷ ಕೊಡುತ್ತದೆ. ಯಾವ ಹಲ್ಲಿಗೆ ಕ್ಯಾಪ್ ಇದೆಯೆಂದು ನನ್ನ ತಂಗಿಗೂ ಬೆರಳಿಟ್ಟು ತೋರಿಸಬೇಕಾಯಿತು.

ಊಟದ ವಿಷಯದಲ್ಲಿ ದೂರಿಲ್ಲ. ಮುದ್ದೆಯನ್ನು ನುಂಗುವವರಾದ್ದರಿಂದ ಅದರ ಭಾರ ಕ್ಯಾಪಿನ ಮೇಲೆ ಬೀಳುವುದೇ ಇಲ್ಲ. ನಿಪ್ಪಟ್ಟು, ಹುರಿಗಡಲೆಗಳನ್ನು ಮಾತ್ರ ಇನ್ನೊಂದು ಬದಿಗೆ ತಳ್ಳುತ್ತೇನೆ, ಏಕೆಂದರೆ ಪಿಂಗಾಣಿಗೆ ಒತ್ತಡ ತಡೆಯುವ ಶಕ್ತಿಯಿದ್ದರೂ ಒಂದೇ ಬಿಂದುವಿನ ಮೇಲೆ ಪೆಟ್ಟು ಬಿದ್ದರೆ ಚಕ್ಕೆ ಏಳಬಹುದು. ಅವರೆಕಾಯಿ ಕಾಲದಲ್ಲಿ ರಾತ್ರಿಯ ಶುಚಿ ಸ್ವಲ್ಪ ದೀರ್ಘವಾಗುತ್ತದೆ: ಕಾಳಿನ ಸಿಪ್ಪೆ ಕ್ಯಾಪಿಗೂ ಪಕ್ಕದ ಹಲ್ಲಿಗೂ ನಡುವೆ ಹೊಕ್ಕು ಕೂರುತ್ತದೆ. ಮೊದಲು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಫ್ಲಾಸ್ ದಾರವನ್ನು ಕ್ಯಾಪಿನ ಬುಡಕ್ಕೆ ಬಳಸಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಕೊನೆಗೆ ಬ್ರಷ್ ಹಿಡಿಯುತ್ತೇನೆ. ಪಿಂಗಾಣಿಗೆ ಹುಳುಕು ಹಿಡಿಯದು, ಆದರೆ ಅದರ ಅಂಚಿನಲ್ಲಿ ಉಳಿದಿರುವ ಸ್ವಂತ ಹಲ್ಲಿಗೆ ಹಿಡಿಯುತ್ತದೆ.

ಬೇಸರ ಹುಟ್ಟಿಸಿದ್ದು ಆಮೇಲೆ ಕಾಣಿಸಿದ ಕಪ್ಪು ಗೆರೆ. ವರ್ಷಗಳು ಉರುಳಿದಂತೆ ವಸಡು ತುಸು ಹಿಂದೆ ಸರಿಯಿತು, ಅಂಚಿನ ಪಿಂಗಾಣಿ ತೆಳುವಾಗಿರುವುದರಿಂದ ಒಳಗಿನ ಲೋಹ ಬೂದು ನೆರಳಿನಂತೆ ಇಣುಕತೊಡಗಿತು. ಅಷ್ಟು ಪ್ರೀತಿಯಿಂದ ಹೊಂದಿಸಿದ ಬಣ್ಣದ ಮೇಲೆ ಈ ಗೆರೆ ನಕ್ಕಾಗಲೆಲ್ಲ ಎದ್ದು ಕಾಣುತ್ತದೆ. ಲೋಹವಿಲ್ಲದ ಜಿರ್ಕೋನಿಯಾ ಕ್ಯಾಪಿನಲ್ಲಿ ಈ ತೊಂದರೆ ಇರುವುದಿಲ್ಲ. ಆದರೆ ನಾನು ಕೊಟ್ಟದ್ದು 4,500 ರೂಪಾಯಿ, ಜಿರ್ಕೋನಿಯಾಕ್ಕೆ ಅದರ ಎರಡರಷ್ಟಕ್ಕೂ ಹೆಚ್ಚು ಕೇಳಿದ್ದರು, ಮತ್ತು ರೇಷ್ಮೆಗೂಡಿನ ಬೆಲೆ ಕುಸಿದಿದ್ದ ಆ ವರ್ಷ ನಮ್ಮ ಮನೆಯಲ್ಲಿ ಅಷ್ಟು ಹಣವಿರಲಿಲ್ಲ. ಹಣವಿದ್ದವರು ನಗುವಾಗ ಕಾಣುವ ಹಲ್ಲಿಗೆ ಅದನ್ನೇ ಹಾಕಿಸಲಿ. ಹಿಂದಿನ ದವಡೆ ಹಲ್ಲಿಗೆ ಲೋಹ ಮತ್ತು ಪಿಂಗಾಣಿಯ ಕ್ಯಾಪ್ ಧಾರಾಳವಾಗಿ ಸಾಕು. ಎರಡರಲ್ಲಿ ಯಾವುದಾದರೂ, ಅಂಟಿಸುವ ಮೊದಲು ಕನ್ನಡಿ ಹಿಡಿದು ಹಗಲು ಬೆಳಕಿನಲ್ಲಿ ನೋಡಲು ಬಿಡುವ ವೈದ್ಯರ ಬಳಿಗೇ ಹೋಗಬೇಕು.

ಗೆರೆ ಕಾಣುತ್ತದೆಂದು ಇದನ್ನು ಬದಲಿಸುವ ಯೋಚನೆ ನನಗಿಲ್ಲ. ತೆಗೆಯಬೇಕಾದರೆ ಕ್ಯಾಪನ್ನು ಸೀಳಬೇಕು, ಕೆಳಗಿರುವ ಹಲ್ಲು ಈಗಾಗಲೇ ಸುತ್ತಲೂ ಅರೆಸಿಕೊಂಡು ಸಣ್ಣ ಗೂಟದಷ್ಟೇ ಉಳಿದಿದೆ, ಮತ್ತು ಇಂದಿಗೂ ಅದು ಅಲ್ಲಾಡಿಲ್ಲ, ನೋವು ಕೊಟ್ಟಿಲ್ಲ.