ಹಳೆಯ ಕಮಾಂಡ್ ಮರಳಿ ತರಲು ಯಾವುದು ಮೇಲು: ಬಾಣವೋ, ಕಂಟ್ರೋಲ್-ಆರ್ ಹುಡುಕಾಟವೋ, ಉದ್ಗಾರ ಚಿಹ್ನೆಯೋ?

ಬ್ಯಾಷ್‌ನಲ್ಲಿ (ಟರ್ಮಿನಲ್ಲಿನಲ್ಲಿ ನಾವು ಬರೆದ ಕಮಾಂಡ್ ಓದಿ ನಡೆಸುವ ಶೆಲ್) ಒಮ್ಮೆ ಟೈಪ್ ಮಾಡಿದ ಕಮಾಂಡನ್ನು ಮತ್ತೆ ಬಳಸಲು ನಾಲ್ಕೈದು ದಾರಿಗಳಿವೆ. ಎಲ್ಲವನ್ನೂ ಬಳಸಿ ನೋಡಿದ ಮೇಲೆ ನನ್ನ ಅಳತೆಗೋಲು ಒಂದೇ: ಎಂಟರ್ ಒತ್ತುವ ಮೊದಲು, ರನ್ ಆಗಲಿರುವ ಸಾಲು ಪೂರ್ತಿ ಕಣ್ಣಿಗೆ ಕಾಣುತ್ತದೆಯೇ? ವೇಗದ ಮಾತು ಆಮೇಲೆ.

ಮೇಲಿನ ಬಾಣ ಎರಡು ಮೂರು ಕಮಾಂಡ್ ಹಿಂದೆ ಹೋಗಲು ಸಾಕು. ಅದಕ್ಕಿಂತ ಹಿಂದಿನದು ಬೇಕೆಂದರೆ ಒತ್ತಿ ಒತ್ತಿ ಬೇಕಾದದ್ದನ್ನೇ ದಾಟಿಬಿಡುತ್ತೇವೆ. ಆದರೆ ಕೀಲಿಗಳ ಕೆಲಸ ನಿಗದಿಪಡಿಸುವ .ಇನ್‌ಪುಟ್‌ಆರ್‌ಸಿ ಫೈಲಿನಲ್ಲಿ ಮೇಲಿನ ಬಾಣಕ್ಕೆ ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್, ಕೆಳಗಿನದಕ್ಕೆ ಹಿಸ್ಟರಿ-ಸರ್ಚ್-ಫಾರ್ವರ್ಡ್ ಜೋಡಿಸಿದರೆ ಅದೇ ಬಾಣ ಬೇರೆಯೇ ಆಗುತ್ತದೆ. ‘ಗಿಟ್’ ಎಂದು ಟೈಪ್ ಮಾಡಿ ಒತ್ತಿದರೆ ಗಿಟ್‌ನಿಂದ ಶುರುವಾಗುವ ಸಾಲುಗಳಷ್ಟೇ ಬರುತ್ತವೆ. ಬದಲಾವಣೆ ಕೂಡಲೇ ಜಾರಿಗೆ ಬರಲು ಕಂಟ್ರೋಲ್-ಎಕ್ಸ್, ನಂತರ ಕಂಟ್ರೋಲ್-ಆರ್. ಕಮಾಂಡಿನ ಆರಂಭ ನೆನಪಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ.

ನಡುವಿನ ತುಣುಕು ಮಾತ್ರ ನೆನಪಿದ್ದರೆ, ಉದಾಹರಣೆಗೆ ಒಂದು ಫೈಲಿನ ಹೆಸರು, ಆಗ ಕಂಟ್ರೋಲ್-ಆರ್ ಒತ್ತಿ ಆ ತುಣುಕನ್ನು ಟೈಪ್ ಮಾಡಿ. ಮತ್ತೆ ಒತ್ತಿದಷ್ಟೂ ಹಿಂದಕ್ಕೆ ಹೋಗುತ್ತದೆ. ಸಿಕ್ಕಿದ ಮೇಲೆ ಎಂಟರ್ ಒತ್ತಿದರೆ ನೇರವಾಗಿ ರನ್ ಆಗುತ್ತದೆ. ತಿದ್ದಬೇಕಿದ್ದರೆ ಎಡ ಅಥವಾ ಬಲ ಬಾಣ ಒತ್ತಿ, ಸಾಲು ಕೈಗೆ ಬರುತ್ತದೆ. ಬೇಡವೆನಿಸಿದರೆ ಕಂಟ್ರೋಲ್-ಜಿ. ದಾಟಿ ಹೋದಿರೆಂದು ಮುಂದಕ್ಕೆ ಹುಡುಕುವ ಕಂಟ್ರೋಲ್-ಎಸ್ ಒತ್ತಿದರೆ ಬಹಳಷ್ಟು ಕಡೆ ಪರದೆಯೇ ನಿಂತುಹೋಗುತ್ತದೆ. ಅದು ಹ್ಯಾಂಗ್ ಅಲ್ಲ: ಟರ್ಮಿನಲ್ ಆ ಕೀಲಿಯನ್ನು ‘ಔಟ್‌ಪುಟ್ ನಿಲ್ಲಿಸು’ ಎಂದು ಓದುತ್ತದೆ. ಕಂಟ್ರೋಲ್-ಕ್ಯೂ ಒತ್ತಿದರೆ ಬಿಡುತ್ತದೆ. ಶಾಶ್ವತ ಪರಿಹಾರಕ್ಕೆ, ಬ್ಯಾಷ್ ಶುರುವಾಗುವಾಗ ಓದುವ .ಬ್ಯಾಷ್‌ಆರ್‌ಸಿ ಫೈಲಿನಲ್ಲಿ ‘ಎಸ್‌ಟಿಟಿವೈ -ಐಎಕ್ಸ್‌ಓಎನ್’ ಸೇರಿಸಿ.

ಹುಡುಕಾಟ ಎಷ್ಟೇ ಚೆನ್ನಾಗಿದ್ದರೂ ಹಿಸ್ಟರಿಯಲ್ಲಿ, ಅಂದರೆ ಹಳೆಯ ಕಮಾಂಡ್‌ಗಳ ಪಟ್ಟಿಯಲ್ಲಿ, ಇಲ್ಲದ್ದು ಸಿಗದು. ಬ್ಯಾಷ್ ತಾನಾಗಿ ನೆನಪಿಡುವುದು 500 ಸಾಲು ಮಾತ್ರ. ಹಿಸ್ಟ್‌ಸೈಜ್ (ನೆನಪಿನಲ್ಲಿಡುವ ಸಾಲುಗಳ ಮಿತಿ), ಹಿಸ್ಟ್‌ಫೈಲ್‌ಸೈಜ್ (ಫೈಲಿನಲ್ಲಿ ಉಳಿಸುವ ಸಾಲುಗಳ ಮಿತಿ) ಎರಡನ್ನೂ ಹೆಚ್ಚಿಸಿ. ಹಿಸ್ಟರಿಯನ್ನು ಹಳೆಯದರ ಕೊನೆಗೆ ಸೇರಿಸುವ ಹಿಸ್ಟ್‌ಅಪೆಂಡ್ ಆಯ್ಕೆ ಆನ್ ಮಾಡದಿದ್ದರೆ, ಹಲವು ಟರ್ಮಿನಲ್ ತೆರೆದಿದ್ದಾಗ ಕೊನೆಗೆ ಮುಚ್ಚಿದ್ದು ಉಳಿದವುಗಳ ಹಿಸ್ಟರಿಯನ್ನು ಅಳಿಸಿ ತನ್ನದನ್ನು ಬರೆಯಬಹುದು.

ಉದ್ಗಾರ ಚಿಹ್ನೆಯ ದಾರಿ ವೇಗದಲ್ಲಿ ಎಲ್ಲಕ್ಕೂ ಮುಂದು. !! ಎಂದರೆ ಹಿಂದಿನ ಇಡೀ ಸಾಲು; ಅದನ್ನೇ ಅಡ್ಮಿನ್ ಅಧಿಕಾರದಲ್ಲಿ ಮತ್ತೆ ನಡೆಸುವ ‘ಸುಡೊ !!’ ಎಂಬುದಕ್ಕೆ ಸಾಟಿಯಿಲ್ಲ. !$ ಎಂದರೆ ಅದರ ಕೊನೆಯ ಪದ. ಆದರೆ !ಆರ್‌ಎಂ (ಆರ್‌ಎಂ ಎಂದರೆ ಫೈಲು ಅಳಿಸುವ ಕಮಾಂಡ್) ಎಂದು ಬರೆದು ಎಂಟರ್ ಒತ್ತಿದರೆ, ಆರ್‌ಎಂ ಇಂದ ಶುರುವಾಗುವ ಇತ್ತೀಚಿನ ಕಮಾಂಡ್ ಏನನ್ನೂ ಕೇಳದೆ ರನ್ ಆಗುತ್ತದೆ. ಯಾವ ಫೈಲು ಅಳಿಯಿತೆಂದು ತಿಳಿಯುವುದು ಅಳಿದ ಮೇಲೆ. ಈ ದಾರಿ ಬೇಕೇ ಬೇಕೆನ್ನುವವರು ‘ಷಾಪ್ಟ್ -ಎಸ್ ಹಿಸ್ಟ್‌ವೆರಿಫೈ’ ಹಾಕಿಕೊಳ್ಳಿ: ಮೊದಲ ಎಂಟರ್‌ಗೆ ಪೂರ್ಣ ಸಾಲು ತೋರಿಸುತ್ತದೆ, ಎರಡನೆಯದಕ್ಕೆ ರನ್ ಮಾಡುತ್ತದೆ.

ಕೊನೆಯ ಪದವಷ್ಟೇ ಸಾಕಿದ್ದರೆ !$ ಬಿಟ್ಟು ಆಲ್ಟ್-ಚುಕ್ಕಿ ಬಳಸಿ. ಪದ ಅಲ್ಲೇ ಮೂಡುತ್ತದೆ. ಮತ್ತೆ ಒತ್ತಿದರೆ ಇನ್ನೂ ಹಿಂದಿನ ಸಾಲಿನದು ಬರುತ್ತದೆ. ಆಲ್ಟ್-2 ಒತ್ತಿ ಆಲ್ಟ್-ಚುಕ್ಕಿ ಒತ್ತಿದರೆ ಎರಡನೆಯ ಆರ್ಗ್ಯುಮೆಂಟ್, ಅಂದರೆ ಕಮಾಂಡಿನ ಹೆಸರಿನ ನಂತರದ ಎರಡನೆಯ ಪದ. ಆಲ್ಟ್ ಕೀಲಿಯನ್ನು ಟರ್ಮಿನಲ್ಲಿನ ಮೆನು ಕಸಿದುಕೊಂಡರೆ, ಎಸ್ಕೇಪ್ ಒತ್ತಿ ಬಿಟ್ಟು ಚುಕ್ಕಿ ಒತ್ತಿ.

ಅಳಿಸುವಾಗಲೂ ಇಂಥದೇ ಜೋಡಿ ಇದೆ. ಉದ್ದದ ಫೈಲ್ ಪಾತ್‌ನ ಮೇಲೆ ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಹಿಂದಿನ ಖಾಲಿ ಜಾಗದವರೆಗೆ ಎಲ್ಲವೂ ಹೋಗುತ್ತದೆ. ಆಲ್ಟ್-ಬ್ಯಾಕ್‌ಸ್ಪೇಸ್ ಒಂದೊಂದೇ ಭಾಗ ಕತ್ತರಿಸಿ ಓರೆಗೆರೆಯ ಬಳಿ ನಿಲ್ಲುತ್ತದೆ. ಎರಡರಲ್ಲೂ ಕತ್ತರಿಸಿದ್ದನ್ನು ಕಂಟ್ರೋಲ್-ವೈ ಮರಳಿ ತರುತ್ತದೆ. ಝಡ್‌ಎಸ್‌ಎಚ್ ಎಂಬ ಇನ್ನೊಂದು ಶೆಲ್‌ಗೆ ಹೋದವರು ನೆನಪಿಡಬೇಕಾದ್ದು: ಕಂಟ್ರೋಲ್-ಯು ಬ್ಯಾಷ್‌ನಲ್ಲಿ ಕರ್ಸರ್‌ನಿಂದ ಹಿಂದಿನದನ್ನಷ್ಟೇ ಅಳಿಸಿದರೆ, ಅಲ್ಲಿ ಇಡೀ ಸಾಲನ್ನೇ ಅಳಿಸುತ್ತದೆ.

ತುಂಬ ಉದ್ದದ ಸಾಲಿಗೆ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ: ಸಾಲು ಎಡಿಟರ್‌ನಲ್ಲಿ ತೆರೆದುಕೊಳ್ಳುತ್ತದೆ. ತಿದ್ದಲು ಇದರಷ್ಟು ಅನುಕೂಲ ಬೇರೆಯದಿಲ್ಲ. ಆದರೆ ಬ್ಯಾಷ್‌ನಲ್ಲಿ ಎಡಿಟರ್ ಮುಚ್ಚಿದೊಡನೆ ಕಮಾಂಡ್ ರನ್ ಆಗುತ್ತದೆ, ಸೇವ್ ಮಾಡದೆ ಹೊರಬಂದರೂ ಮೂಲ ಸಾಲೇ ರನ್ ಆಗುತ್ತದೆ. ಮನಸ್ಸು ಬದಲಾದರೆ ಇಡೀ ಪಠ್ಯ ಅಳಿಸಿ, ಖಾಲಿಯಾಗಿ ಸೇವ್ ಮಾಡಿ ಹೊರಬನ್ನಿ.